ಕ್ಯಾಮೆರಾ ಸಾಲಕ್ಕೂ ಮೊದಲು ಕಸುಬು ಕಲಿಸಿ

ಮಾನ್ಯ ಸಂಪಾದಕರೇ,

ಹಾಸನ ಜಿಲ್ಲೆಯಲ್ಲಿ ಛಾಯಾಗ್ರಹಣವನ್ನು ಜೀವನೋಪಾಯ ಮಾಡಿಕೊಳ್ಳಬೇಕೆಂದಿರುವ ಯುವಕ ಯುವತಿಯರಿಗೆ ಇಂದು ಸರ್ಕಾರಿ ವ್ಯವಸ್ಥೆಯಲ್ಲಿ ಕಾಣುವ ದಾರಿ ಬಹುಮಟ್ಟಿಗೆ ಒಂದೇ. ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯಲ್ಲಿ, ಅಂದರೆ ಜನ ಆರ್‌ಸೆಟಿ ಎಂದು ಕರೆಯುವ ಸಂಸ್ಥೆಯಲ್ಲಿ, ಒಂದು ತಿಂಗಳ ಉಚಿತ ತರಬೇತಿ. ಅದರ ಕೊನೆಯಲ್ಲಿ ಪ್ರಮಾಣಪತ್ರ. ಪ್ರಮಾಣಪತ್ರ ಹಿಡಿದು ಬ್ಯಾಂಕಿಗೆ ಹೋದರೆ ಸಾಲ. ಸಾಲದಿಂದ ಕ್ಯಾಮೆರಾ ಮತ್ತು ಒಂದು ಮಳಿಗೆ. ಈ ಸಾಲಿನಲ್ಲಿ ನಡುವಿನ ಒಂದು ಮೆಟ್ಟಿಲು ಬಿಟ್ಟುಹೋಗಿದೆ. ಇನ್ನೊಬ್ಬರ ಕೈಕೆಳಗೆ ಸಂಬಳಕ್ಕಿದ್ದು ಕೆಲಸ ಕಲಿಯುವ ಅವಧಿ ಈ ವ್ಯವಸ್ಥೆಯಲ್ಲಿ ಎಲ್ಲಿಯೂ ಇಲ್ಲ. ಅದಿಲ್ಲದೆ ನೇರವಾಗಿ ಮಾಲೀಕರಾದವರು ಸಾಲದಲ್ಲಿ ಸಿಲುಕುತ್ತಿರುವುದನ್ನೂ, ನುರಿತ ಕೈಗಳಿಲ್ಲದೆ ಉದ್ಯಮವೇ ಸೊರಗುತ್ತಿರುವುದನ್ನೂ ಜಿಲ್ಲೆಯ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಮೊದಲೇ ಹೇಳಿಬಿಡುತ್ತೇನೆ, ಇದು ಆರ್‌ಸೆಟಿಗಳ ವಿರುದ್ಧದ ದೂರಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಹಾಗೂ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಸೇರಿ ಆರಂಭಿಸಿದ ರುಡ್‌ಸೆಟಿಯ ಮಾದರಿಯನ್ನೇ ಕೇಂದ್ರ ಸರ್ಕಾರ ಮುಂದೆ ದೇಶದ ಜಿಲ್ಲೆಜಿಲ್ಲೆಗೆ ವಿಸ್ತರಿಸಿತು. ಊಟ ವಸತಿ ಕೊಟ್ಟು, ಒಂದು ರೂಪಾಯಿ ಶುಲ್ಕ ಕೇಳದೆ, ಹಳ್ಳಿಯ ಮಕ್ಕಳಿಗೆ ಕಸುಬಿನ ಪರಿಚಯ ಮಾಡಿಸುವ ಇಂಥ ಸಂಸ್ಥೆ ನಮ್ಮ ರಾಜ್ಯದಲ್ಲಿ ಹುಟ್ಟಿತೆಂಬುದು ಹೆಮ್ಮೆಯ ವಿಷಯ. ಹೊಲಿಗೆ, ಹೈನುಗಾರಿಕೆ, ಜೇನು ಸಾಕಣೆಯಂಥ ಕಸುಬುಗಳಲ್ಲಿ ಸ್ವ ಉದ್ಯೋಗದ ಗುರಿ ಸರಿಯಾಗಿಯೇ ಇದೆ. ಛಾಯಾಗ್ರಹಣಕ್ಕೂ ಅದೇ ಅಳತೆಗೋಲು ಹಿಡಿದಿರುವುದರಲ್ಲಿ ತೊಂದರೆಯಿದೆ. ತರಬೇತಿ ಪಡೆದವರಲ್ಲಿ ಎಷ್ಟು ಮಂದಿ ಸಾಲ ಪಡೆದರು, ಎಷ್ಟು ಮಂದಿ ಸ್ವಂತ ಉದ್ಯೋಗ ಆರಂಭಿಸಿದರು ಎಂಬುದೇ ಯಶಸ್ಸಿನ ಲೆಕ್ಕವಾದಾಗ, ಬೇರೊಂದು ಸ್ಟುಡಿಯೊದಲ್ಲಿ ಎರಡು ವರ್ಷ ಸಂಬಳಕ್ಕೆ ದುಡಿದು ನಂತರ ಅಂಗಡಿ ತೆರೆಯುತ್ತೇನೆ ಎನ್ನುವ ವಿವೇಕಿ ಹುಡುಗ ಆ ಲೆಕ್ಕದಲ್ಲಿ ಹಿಂದುಳಿದವನಾಗಿ ಕಾಣುತ್ತಾನೆ.

ಫಿಲ್ಮ್ ಕಾಲದಲ್ಲಿ ಈ ಕಸುಬನ್ನು ಕಲಿತವರಿಗೆ ಆ ನಡುವಿನ ಮೆಟ್ಟಿಲಿನ ಬೆಲೆ ಗೊತ್ತು. ಅಂದು ಸ್ಟುಡಿಯೊಗೆ ಸೇರಿದ ಹುಡುಗನ ಕೈಗೆ ಕ್ಯಾಮೆರಾ ಬರುತ್ತಿರಲಿಲ್ಲ. ಡಾರ್ಕ್ ರೂಮಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ಮತ್ತು ಅದನ್ನು ಸ್ಥಿರಗೊಳಿಸುವ ಹೈಪೊ ಕಲಸುವುದು, ಪೂರ್ಣ ಕತ್ತಲಲ್ಲಿ ಬೆರಳ ಸ್ಪರ್ಶದಿಂದಲೇ ರೋಲನ್ನು ಟ್ಯಾಂಕಿನ ಸುರುಳಿಗೆ ಏರಿಸುವುದು, ಕೆಂಪು ದೀಪದ ಕೆಳಗೆ ಬ್ರೋಮೈಡ್ ಕಾಗದದ ಮೇಲೆ ಚಿತ್ರ ಮೂಡುವ ಹೊತ್ತನ್ನು ಲೆಕ್ಕ ಹಾಕುವುದು, ಪ್ರಿಂಟ್ ಒಣಗಿಸಿ ಅಂಚು ಕತ್ತರಿಸುವುದು, ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ರೀಟಚಿಂಗ್ ಮಾಡುವುದನ್ನು ಹಿರಿಯರ ಪಕ್ಕ ನಿಂತು ನೋಡುವುದು, ಇವೆಲ್ಲ ಮುಗಿದ ಮೇಲೆ ಮದುವೆಮನೆಯಲ್ಲಿ ಲೈಟ್ ಹಿಡಿಯುವ ಕೆಲಸ. ಲೈಟ್ ಹಿಡಿದು ಹಿಡಿದು, ಬೆಳಕು ಎಲ್ಲಿಂದ ಬಿದ್ದರೆ ಮುಖ ಉಬ್ಬಿ ಕಾಣುತ್ತದೆ, ಎಲ್ಲಿಂದ ಬಿದ್ದರೆ ಕಣ್ಣ ಕೆಳಗೆ ಕಪ್ಪಾಗುತ್ತದೆ ಎಂಬುದು ಪುಸ್ತಕ ಓದದೆಯೇ ತಲೆಗೆ ಹತ್ತುತ್ತಿತ್ತು. ಒಂದು ರೋಲಿನಲ್ಲಿ 36 ಚಿತ್ರ. ಪ್ರತಿ ಕ್ಲಿಕ್ಕಿಗೂ ದುಡ್ಡು. ಧಾರೆಯ ಹೊತ್ತಿಗೆ ರೋಲಿನಲ್ಲಿ ಎಷ್ಟು ಉಳಿದಿದೆ ಎಂಬ ಎಚ್ಚರ ತಪ್ಪಿದರೆ ಆ ಮದುವೆಯ ಮುಖ್ಯ ಚಿತ್ರವೇ ಇಲ್ಲ. ಈ ಕಲಿಕೆಗೆ ಪಠ್ಯಕ್ರಮ ಇರಲಿಲ್ಲ, ಪರೀಕ್ಷೆ ಇರಲಿಲ್ಲ, ಬಹಳ ಕಡೆ ಸರಿಯಾದ ಸಂಬಳವೂ ಇರಲಿಲ್ಲ. ಆದರೆ ಯಾವುದು ಮೊದಲು, ಯಾವುದು ನಂತರ ಎಂಬ ಅನುಕ್ರಮ ಅದರೊಳಗೆ ತಾನಾಗಿಯೇ ಇತ್ತು.

ಆ ಅನುಕ್ರಮ ಮುರಿದುಬಿದ್ದದ್ದಕ್ಕೆ ಯಾರನ್ನೂ ದೂಷಿಸಿ ಫಲವಿಲ್ಲ. ಡಿಜಿಟಲ್ ಕ್ಯಾಮೆರಾ ಬಂದು ಡಾರ್ಕ್ ರೂಮನ್ನು ಮುಚ್ಚಿಸಿತು. 2012ರ ಜನವರಿಯಲ್ಲಿ ಕೊಡಾಕ್ ಕಂಪನಿಯೇ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೊರೆ ಹೋದದ್ದನ್ನು ಓದಿದಾಗ ಸ್ಟುಡಿಯೊ ಮಾಲೀಕರಾದ ನಮ್ಮಲ್ಲಿ ಹಲವರ ಡಾರ್ಕ್ ರೂಮುಗಳು ಆಗಲೇ ಗೋದಾಮುಗಳಾಗಿದ್ದವು. 2008ರ ನಂತರ ಸ್ಥಿರಚಿತ್ರದ ಕ್ಯಾಮೆರಾದಲ್ಲಿಯೇ ಉತ್ತಮ ಗುಣಮಟ್ಟದ ವಿಡಿಯೊ ತೆಗೆಯಬಹುದೆಂದಾಗ ವಿಡಿಯೊ ಮಿಕ್ಸಿಂಗ್ ಘಟಕಗಳ ಸ್ವರೂಪ ಬದಲಾಯಿತು. 2018ರಲ್ಲಿ ಕ್ಯಾನನ್ ಮತ್ತು ನಿಕಾನ್ ಎರಡೂ ಹೊಸ ಮೌಂಟಿನ (ಲೆನ್ಸ್ ಜೋಡಿಸುವ ಬಾಯಿಯ), ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳನ್ನು ತಂದ ಮೇಲೆ, ಸಾಲ ತೀರುವ ಮುನ್ನವೇ ಹಳೆಯ ಕ್ಯಾಮೆರಾ ಬಾಡಿಗಳ ಮಾರುಕಟ್ಟೆ ಬೆಲೆ ಕುಸಿಯಿತು. ಈ ನಡುವೆ ಸ್ಟುಡಿಯೊಗಳ ದಿನನಿತ್ಯದ ಅನ್ನವಾಗಿದ್ದ ಪಾಸ್‌ಪೋರ್ಟ್ ಸೈಜಿನ ಫೋಟೊವೂ ಕರಗುತ್ತ ಬಂತು. ಪಾಸ್‌ಪೋರ್ಟ್ ಸೇವಾ ಕೇಂದ್ರ, ಆಧಾರ್ ಕೇಂದ್ರ, ಆರ್‌ಟಿಒ ಕಚೇರಿಗಳು ತಾವೇ ಚಿತ್ರ ತೆಗೆದುಕೊಳ್ಳುತ್ತವೆ. ಪರೀಕ್ಷಾ ಅರ್ಜಿಗಳಿಗೆ ಬೇಕಾದ ಫೋಟೊವನ್ನು ಸೈಬರ್ ಸೆಂಟರಿನವರು ಮೊಬೈಲಿನಲ್ಲಿ ತೆಗೆದು, ಕೇಳಿದಷ್ಟು ಕೆಬಿಗೆ ಇಳಿಸಿ ಅಪ್‌ಲೋಡ್ ಮಾಡಿಬಿಡುತ್ತಾರೆ. ನೀಟ್ ಅರ್ಜಿಗೆ ಪೋಸ್ಟ್‌ಕಾರ್ಡ್ ಸೈಜಿನ ಫೋಟೊ ಕೇಳುವ ದಿನಗಳಲ್ಲಿ ಮಾತ್ರ ಸ್ವಲ್ಪ ಜನ ಒಳಗೆ ಬರುತ್ತಾರೆ. ಅಂಗಡಿಯಲ್ಲಿ ಕುಳಿತು ನಿಧಾನವಾಗಿ ಕಲಿಯುತ್ತಿದ್ದ ಹುಡುಗನ ಸಂಬಳ ಹುಟ್ಟುತ್ತಿದ್ದುದು ಈ ಸಣ್ಣ ಕೆಲಸಗಳಿಂದಲೇ ಎಂಬುದು ಹೊರಗಿನವರಿಗೆ ಹೊಳೆಯುವುದಿಲ್ಲ. ಆ ವರಮಾನ ಹೋದ ಮೇಲೆ ಮಾಲೀಕನೊಬ್ಬನೇ ಉಳಿದ. ಮದುವೆ ದಿನ ಬೇಕಾದವರನ್ನು ದಿನಗೂಲಿಗೆ ಕರೆಸಿಕೊಳ್ಳುವ ಪದ್ಧತಿ ಬಂತು. ದಿನಗೂಲಿಗೆ ಬಂದವನಿಗೆ ಮುಹೂರ್ತದ ಗಡಿಬಿಡಿಯಲ್ಲಿ ಪಾಠ ಹೇಳುವವರು ಯಾರು?

ಇನ್ನು ಸಾಲದ ಲೆಕ್ಕ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ಸಿಗುವ ಸಾಲದ ಮಿತಿ 50,000 ರೂಪಾಯಿ. ಮದುವೆಗೆ ಯೋಗ್ಯವಾದ ಒಂದು ಕ್ಯಾಮೆರಾ, ಎರಡು ಲೆನ್ಸ್, ಫ್ಲಾಶ್, ಕಾರ್ಡುಗಳು, ಎಡಿಟಿಂಗಿನ ಭಾರ ತಾಳುವಂಥ ಕಂಪ್ಯೂಟರ್ ಇಷ್ಟಕ್ಕೆ ಆ ಹಣ ಏನೇನೂ ಸಾಲದು. ಹಾಗಾಗಿ ಹುಡುಗ ಮೇಲಿನ ವಿಭಾಗದ ಸಾಲಕ್ಕೆ ಹೋಗುತ್ತಾನೆ, ಅದೂ ಸಾಕಾಗದೆ ಖಾಸಗಿ ಫೈನಾನ್ಸಿನ ಕಂತು ಸೇರುತ್ತದೆ. ಕಂತು ಪ್ರತಿ ತಿಂಗಳೂ ಬರುತ್ತದೆ, ಮುಹೂರ್ತ ಬರುವುದಿಲ್ಲ. ಆಷಾಢದಲ್ಲಿ ಮದುವೆಯಿಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಪಂಚಾಂಗ ನೋಡಿ ವರ್ಷದ ಆದಾಯವನ್ನು ಹಂಚಿಕೊಳ್ಳಬೇಕಾದ ಉದ್ಯಮ ಇದು ಎಂಬ ಮೊದಲ ಪಾಠವನ್ನು ತರಬೇತಿಯಲ್ಲಿ ಸಾಕಷ್ಟು ಒತ್ತಿ ಹೇಳಿದಂತಿಲ್ಲ. ಹೊಸಬನಿಗೆ ದೊಡ್ಡ ಮದುವೆಗಳನ್ನು ಯಾರೂ ಒಪ್ಪಿಸುವುದಿಲ್ಲವಾದ್ದರಿಂದ ಆತ ದರ ಇಳಿಸುತ್ತಾನೆ, ಅವನನ್ನು ನೋಡಿ ಪಕ್ಕದವನು ಇಳಿಸುತ್ತಾನೆ. ಕೊನೆಗೆ ವರ್ಷ ಎರಡು ವರ್ಷ ಹಳೆಯದಾದ ಕ್ಯಾಮೆರಾಗಳು ಸೆಕೆಂಡ್ ಹ್ಯಾಂಡ್ ಮಾರಾಟದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಾಣಿಸಿಕೊಳ್ಳುತ್ತವೆ. ಅವುಗಳೊಂದಿಗೆ ಬರುವ ‘ಅರ್ಜೆಂಟ್ ಸೇಲ್’ ಎಂಬ ಸಾಲನ್ನು ಓದುವಾಗ ಬ್ಯಾಂಕಿನ ದಾಖಲೆಯಲ್ಲಿ ಆತ ಇನ್ನೂ ಯಶಸ್ವಿ ಸ್ವ ಉದ್ಯೋಗಿಯಾಗಿಯೇ ಇರಬಹುದಲ್ಲವೇ ಎಂದು ಅನಿಸುತ್ತದೆ.

ವಿಚಿತ್ರವೆಂದರೆ, ಇದೇ ಹೊತ್ತಿನಲ್ಲಿ ಸ್ಟುಡಿಯೊಗಳಿಗೆ ಕೆಲಸದವರು ಸಿಗುತ್ತಿಲ್ಲ. ವರಪೂಜೆ, ಧಾರೆ, ಆರತಕ್ಷತೆ, ಬೀಗರ ಊಟದವರೆಗೆ ಸಾಗುವ ನಮ್ಮ ಕಡೆಯ ಒಂದು ಸಾಧಾರಣ ಮದುವೆಗೆ ಈಗ ಸಂಪ್ರದಾಯದ ಫೋಟೊ ತೆಗೆಯುವವರು ಒಬ್ಬರು, ಪೋಸ್ ಕೊಡಿಸದೆ ಸಹಜ ಕ್ಷಣ ಹಿಡಿಯುವ ಕ್ಯಾಂಡಿಡ್‌ಗೆ ಒಬ್ಬರು, ವಿಡಿಯೊಗೆ ಇಬ್ಬರು, ಡ್ರೋನ್ ಹಾರಿಸುವವರು, ಲೈಟಿನವರು, ಕೆಲವೆಡೆ ಎಲ್‌ಇಡಿ ಪರದೆ ಮತ್ತು ನೇರಪ್ರಸಾರ ನೋಡಿಕೊಳ್ಳುವವರು ಬೇಕು. ಮಂಟಪದ ಹಳದಿ ಫೋಕಸ್ ದೀಪ, ಬಾಗಿಲಿನಿಂದ ಬರುವ ಹಗಲಿನ ಬೆಳಕು, ವೇದಿಕೆಯ ನೇರಳೆ ಬಣ್ಣದ ಎಲ್‌ಇಡಿ ಈ ಮೂರೂ ಒಂದೇ ಮುಖದ ಮೇಲೆ ಬಿದ್ದಾಗ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣಗಳ ಸಮತೋಲ, ಹೇಗೆ ಹಿಡಿಯಬೇಕೆಂದು ತಿಳಿದವರು ಅವರಲ್ಲಿ ಎಷ್ಟು ಜನ? ಮದುವೆ ಮುಗಿದ ಮೇಲೆ ಸಾವಿರಾರು ಚಿತ್ರಗಳಿಂದ ಆಯ್ದು, ಬಣ್ಣ ತಿದ್ದಿ, 12x36 ಇಂಚು ಅಳತೆಯ ಹಾಳೆಗಳಲ್ಲಿ ಆಲ್ಬಂ ವಿನ್ಯಾಸ ಮಾಡುವ ಡಿಸೈನರ್ ಬೇಕು. ಆತನ ಕಂಪ್ಯೂಟರ್ ಪರದೆಯಲ್ಲಿ ಹೊಂಬಣ್ಣವಾಗಿ ಕಂಡ ಸೀರೆ ಲ್ಯಾಬಿನಿಂದ ಮಂಕಾಗಿ ಬಂದರೆ, ಪರದೆಯನ್ನು ಕ್ಯಾಲಿಬ್ರೇಟ್ ಮಾಡದೆ, ಅಂದರೆ ಅದರ ಬಣ್ಣವನ್ನು ಅಳೆದು ಸರಿಹೊಂದಿಸದೆ, ಲ್ಯಾಬು ಕೇಳಿದ ಕಲರ್ ಪ್ರೊಫೈಲ್ ಎಂಬ ಬಣ್ಣದ ಸೂಚನೆ ಹಾಕದೆ ಕೆಲಸ ಮಾಡಿದ್ದೇ ಬಹುತೇಕ ಕಾರಣ. ಬೈಗುಳ ಮಾತ್ರ ಲ್ಯಾಬಿನವರಿಗೆ. ವಿಡಿಯೊ ಎಡಿಟರ್ ಬೇಕು, ಧ್ವನಿಯನ್ನು ಶುದ್ಧವಾಗಿ ಹಿಡಿಯುವವರು ಬೇಕು, ಪ್ರಿಂಟಿಂಗ್ ಯಂತ್ರ ನಿಭಾಯಿಸುವವರು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಾರ್ಡಿನಿಂದ ಚಿತ್ರಗಳನ್ನು ಎರಡು ಬೇರೆ ಡಿಸ್ಕಿಗೆ ಇಳಿಸಿ ಪರಿಶೀಲಿಸುವ ಮೊದಲು ಕಾರ್ಡನ್ನು ಫಾರ್ಮ್ಯಾಟ್ ಮಾಡಬಾರದೆಂಬ ಶಿಸ್ತು ಮೈಗೂಡಿದವರು ಬೇಕು. ಸಂಬಳದ ಕೆಲಸಗಳು ಇಲ್ಲಿವೆ. ಒಂದು ತಿಂಗಳ ತರಬೇತಿಯಲ್ಲಿ ಇವುಗಳನ್ನು ಮುಟ್ಟಿ ಹೋಗಬಹುದೇ ಹೊರತು ಕಲಿಸಲಾಗದು. ಇವುಗಳಿಗೆಂದೇ ಕಲಿಸುವ ವ್ಯವಸ್ಥೆ ಜಿಲ್ಲೆಯಲ್ಲಿ ಬೇರೆಲ್ಲೂ ಕಾಣುವುದಿಲ್ಲ.

ಮದುವೆಯ ಆಚೆಗೂ ಈ ಜಿಲ್ಲೆಯಲ್ಲಿ ನುರಿತ ಛಾಯಾಗ್ರಾಹಕರಿಗೆ ಕೆಲಸವಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ರಿಚರ್ಡ್ ಓಕ್ಲಿ ಎಂಬ ಬ್ರಿಟಿಷ್ ಸೇನಾಧಿಕಾರಿ 1850ರ ದಶಕದಲ್ಲಿಯೇ ಕ್ಯಾಮೆರಾದಲ್ಲಿ ಸೆರೆಹಿಡಿದು, 1859ರಲ್ಲಿ 56 ಚಿತ್ರಗಳನ್ನು ಪ್ರಕಟಿಸಿದ. ಫೋಟೊಗ್ರಫಿ ಜಗತ್ತಿಗೆ ಪರಿಚಯವಾದದ್ದು 1839ರಲ್ಲಿ. ಅಂದರೆ ಅದಾಗಿ ಇಪ್ಪತ್ತು ವರ್ಷದೊಳಗೆ ನಮ್ಮ ಜಿಲ್ಲೆಯ ಒಂದು ದೇವಾಲಯ ವ್ಯವಸ್ಥಿತವಾಗಿ ದಾಖಲಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಪುಸ್ತಕ, ಸಂಶೋಧನೆ, ಪ್ರವಾಸೋದ್ಯಮ ಎಲ್ಲಕ್ಕೂ ಉತ್ತಮ ಚಿತ್ರಗಳ ಬೇಡಿಕೆ ಹೆಚ್ಚಿದೆ. ಆದರೆ ದೇವಾಲಯದೊಳಗಿನ ನವರಂಗ ಮಂಟಪದ ಮಬ್ಬಿನಲ್ಲಿ ನುಣುಪಾದ ಬಳಪದ ಕಲ್ಲಿನ ಕೆತ್ತನೆಯನ್ನು ಚಿತ್ರಿಸುವುದು, ಮೇಲೆತ್ತರದಲ್ಲಿರುವ ಮದನಿಕೆಯರ ಆಭರಣದ ಎಳೆ ಎಳೆಯೂ ಕಾಣುವಂತೆ ಓರೆ ಬೆಳಕಿಗಾಗಿ ಕಾಯುವುದು, ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಪಡೆಯುವುದು, ಇವೆಲ್ಲ ಅಭ್ಯಾಸದಿಂದ ಬರುವ ವಿದ್ಯೆಗಳು. ಈ ಕೆಲಸಗಳಿಗೆ ಬೆಂಗಳೂರಿನಿಂದ ತಂಡಗಳು ಬಂದು ಹೋಗುತ್ತವೆ, ನಮ್ಮ ಹುಡುಗರು ಅವರಿಗೆ ದಾರಿ ತೋರಿಸುತ್ತಾರೆ.

ಶ್ರವಣಬೆಳಗೊಳದಲ್ಲಿ ತಾಳೆಗರಿ ಹಸ್ತಪ್ರತಿಗಳ ಸಂಗ್ರಹವಿದೆ. 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಲಾದ ಜ್ಞಾನ ಭಾರತಂ ಯೋಜನೆ ದೇಶದ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲಾತಿ ಮತ್ತು ಸಂರಕ್ಷಣೆಯ ಗುರಿ ಇಟ್ಟುಕೊಂಡಿದೆ. ಗರಿಯನ್ನು ಸಮತಲವಾಗಿ ಇರಿಸಿ, ಎರಡೂ ಕಡೆಯಿಂದ 45 ಡಿಗ್ರಿಯಲ್ಲಿ ಸಮನಾದ ಬೆಳಕು ಹಾಯಿಸಿ, ಬಣ್ಣದ ಪಟ್ಟಿಯನ್ನು ಪಕ್ಕದಲ್ಲಿಟ್ಟು, ಕ್ರಮಸಂಖ್ಯೆ ತಪ್ಪದಂತೆ ಚಿತ್ರ ತೆಗೆಯುವ ಈ ಕೆಲಸಕ್ಕೆ ದುಬಾರಿ ಕ್ಯಾಮೆರಾಕ್ಕಿಂತ ತಾಳ್ಮೆ ಮತ್ತು ತರಬೇತಿ ಹೆಚ್ಚು ಬೇಕು. ಸ್ಥಳೀಯವಾಗಿ ಹತ್ತು ಜನರನ್ನು ತಯಾರು ಮಾಡಿದರೂ ಅವರಿಗೆ ವರ್ಷಗಟ್ಟಲೆ ಕೆಲಸವಿರುತ್ತದೆ.

ಇನ್ನೊಂದು ದೊಡ್ಡ ಕ್ಷೇತ್ರ ಕಾನೂನಿನದು. ಅಪಘಾತ, ಅಸಹಜ ಸಾವುಗಳ ಸಂದರ್ಭದಲ್ಲಿ ಠಾಣೆಯವರು ಊರಿನ ಸ್ಟುಡಿಯೊದವರನ್ನು ಕರೆಸುವುದು ಹಳೆಯ ರೂಢಿ. ಹಿರಿಯ ಛಾಯಾಗ್ರಾಹಕರ ಬಳಿ ಆ ನೆನಪುಗಳು ಬೇಕಾದಷ್ಟಿವೆ, ಆ ಬಿಲ್ಲುಗಳು ಯಾವಾಗ ಪಾಸಾದವು ಎಂಬ ಕಥೆಗಳೂ ಇವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಶೋಧ ಮತ್ತು ಜಪ್ತಿಯ ಪ್ರಕ್ರಿಯೆಯನ್ನು ಧ್ವನಿ ಸಹಿತ ಚಿತ್ರೀಕರಿಸಬೇಕೆನ್ನುತ್ತದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸುವುದನ್ನೂ ಚಿತ್ರೀಕರಿಸಬೇಕು. ಇಂಥ ದಾಖಲೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಮೂಲ ಕಡತ ಬದಲಾಗಿಲ್ಲವೆಂದು ತೋರಿಸುವ ಹ್ಯಾಶ್ ಮೌಲ್ಯ ಸಹಿತ ಪ್ರಮಾಣಪತ್ರ ಬೇಕು. ಪೊಲೀಸರು ಮೊಬೈಲಿನಲ್ಲಿಯೇ ಇದನ್ನು ಮಾಡಬಹುದು, ಕಾನೂನೂ ಅದಕ್ಕೆ ಒತ್ತು ಕೊಟ್ಟಿದೆ. ಆದರೂ ಅವರಿಗೆ ಕಲಿಸುವವರು, ಕಡತಗಳನ್ನು ಕ್ರಮಬದ್ಧವಾಗಿ ಕಾಪಿಡುವವರು ಬೇಕೇ ಬೇಕು. ಚುನಾವಣೆ ಬಂದಾಗ ವಿಡಿಯೊ ಕಣ್ಗಾವಲು ತಂಡಗಳಿಗೆ ಛಾಯಾಗ್ರಾಹಕರನ್ನು ನೇಮಿಸಿಕೊಳ್ಳುವಾಗಲೂ ಕಡಿಮೆ ದರ ನಮೂದಿಸಿದವರಿಗೆ ಗುತ್ತಿಗೆ ಸಿಗುತ್ತದೆಯೇ ಹೊರತು ತರಬೇತಿಯನ್ನು ಕೇಳುವವರಿಲ್ಲ. ಸಕಲೇಶಪುರದ ಹೋಮ್‌ಸ್ಟೇಗಳು, ತಮ್ಮದೇ ಹೆಸರಿನಲ್ಲಿ ಕಾಫಿ ಪುಡಿ ಮತ್ತು ಕಾಳುಮೆಣಸನ್ನು ಆನ್‌ಲೈನಿನಲ್ಲಿ ಮಾರುವ ಬೆಳೆಗಾರರು, ಇವರಿಗೆ ಬೇಕಾದ ಉತ್ಪನ್ನ ಛಾಯಾಗ್ರಹಣವೂ ಬೇರೆಯದೇ ಒಂದು ಕಸುಬು.

ಕ್ಯಾಮೆರಾ ಹಿಡಿಯುವವರಿಗೆ ಕಾನೂನು ಕಲಿಸದಿರುವುದಂತೂ ಅಪಾಯಕಾರಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಹಕ್ಕುದಾರರು ತೆಗೆಸಿದವರೇ ಆಗಿರುತ್ತಾರೆ. ಮದುಮಗಳ ಚಿತ್ರವನ್ನು ಕೇಳದೆ ಕೇಳಿಸದೆ ತಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ, ಅಂಗಡಿಯ ಫ್ಲೆಕ್ಸಿನಲ್ಲಿ ಹಾಕಿಕೊಳ್ಳುವ ಎಷ್ಟೋ ಸ್ಟುಡಿಯೊದವರಿಗೆ ಇದು ತಿಳಿದಿಲ್ಲ. ಡ್ರೋನಿನ ವಿಷಯದಲ್ಲಿ 2021ರ ನಿಯಮಗಳು ಸ್ಪಷ್ಟವಾಗಿವೆ: 250 ಗ್ರಾಂ ಮೀರಿದ ಡ್ರೋನನ್ನು ಸಂಪಾದನೆಗಾಗಿ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು, ಹತ್ತನೇ ತರಗತಿ ಪಾಸಾಗಿ 18 ವರ್ಷ ತುಂಬಿದವರು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಪಡೆದರೆ ಅದು ಸಿಗುತ್ತದೆ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನ ಬಳಿ ಪ್ರೀ ವೆಡ್ಡಿಂಗ್ ಚಿತ್ರೀಕರಣಕ್ಕೆ ಡ್ರೋನ್ ಹಾರಿಸುವವರನ್ನು ಸಾಲಾಗಿ ನಿಲ್ಲಿಸಿ ಆ ಪ್ರಮಾಣಪತ್ರ ಕೇಳಿದರೆ ಎಷ್ಟು ಮಂದಿ ತೋರಿಸಿಯಾರು ಎಂಬುದನ್ನು ಓದುಗರೇ ಊಹಿಸಲಿ. ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು ಅಥವಾ ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಸೆಕ್ಷನ್ ಅಡಿ ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಗುರಿಯಾಗುವ ಅಪರಾಧ ಎಂಬುದನ್ನು ವಧುವಿನ ಕೋಣೆಗೆ ಕ್ಯಾಮೆರಾ ಒಯ್ಯುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳಬೇಕು. ಇದರ ಜೊತೆಗೆ ಲಿಖಿತ ಕರಾರು, ಮುಂಗಡದ ರಸೀದಿ, ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಇತ್ಯಾದಿ ಲೆಕ್ಕಪತ್ರದ ವಿಷಯಗಳು.

ಉನ್ನತ ಶಿಕ್ಷಣದ ಕಡೆ ನೋಡಿದರೆ ಕರ್ನಾಟಕ ಬಡವಾಗಿಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲಿಯೇ ಸಿನಿಮಾ ಛಾಯಾಗ್ರಹಣದ ಡಿಪ್ಲೊಮಾ ಇತ್ತು. ಮೈಸೂರಿನ ವಿ.ಕೆ. ಮೂರ್ತಿಯವರು ಅಲ್ಲಿ ಕಲಿತು ಮುಂಬಯಿಗೆ ಹೋಗಿ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂದಾಗ ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರಾಗಿದ್ದರು. ಆ ಪರಂಪರೆ ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿ ಮುಂದುವರಿದಿದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಕಾವಾದಲ್ಲಿ, ಛಾಯಾಗ್ರಹಣ ಮತ್ತು ಛಾಯಾ ಪತ್ರಿಕೋದ್ಯಮದ ಪದವಿ ಇದೆ. ಮೇಲೆ ಪದವಿ, ಕೆಳಗೆ ಒಂದು ತಿಂಗಳ ತರಬೇತಿ. ಎಸ್ಸೆಸ್ಸೆಲ್ಸಿ ಮುಗಿಸಿ, ಮನೆಯ ಪರಿಸ್ಥಿತಿಯಿಂದ ಮೈಸೂರಿಗೂ ಬೆಂಗಳೂರಿಗೂ ಹೋಗಲಾರದ ಅರಕಲಗೂಡಿನ ಅಥವಾ ಆಲೂರಿನ ಹುಡುಗಿಗೆ ನಡುವೆ ಏನಿದೆ?

ನಡುವೆ ಇರಬೇಕಾದದ್ದು ಕಾಗದದ ಮೇಲೆ ಈಗಾಗಲೇ ಇದೆ. ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ ಐಟಿಐ ವೃತ್ತಿಗಳ ಪಟ್ಟಿಯಲ್ಲಿ ‘ಡಿಜಿಟಲ್ ಫೋಟೊಗ್ರಾಫರ್’ ಎಂಬ ಒಂದು ವರ್ಷದ ವೃತ್ತಿ ಇದ್ದು, ಎಸ್ಸೆಸ್ಸೆಲ್ಸಿ ಪಾಸಾದವರು ಸೇರಬಹುದು. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ಕೋಟ್ಯಂತರ ರೂಪಾಯಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿ, ರೋಬೊ ಮತ್ತು ಸಿಎನ್‌ಸಿ ಯಂತ್ರಗಳನ್ನು ತಂದಿದೆ, ಅದು ಒಳ್ಳೆಯದೇ. ಅದರ ಪಕ್ಕದಲ್ಲಿ ಒಂದು ಕತ್ತಲೆ ಕೋಣೆ, ನಾಲ್ಕು ಸ್ಟುಡಿಯೊ ದೀಪ, ಕ್ಯಾಲಿಬ್ರೇಟ್ ಮಾಡಿದ ಹತ್ತು ಪರದೆಗಳು, ಒಂದು ಪ್ರಿಂಟರ್ ಮತ್ತು ಕನ್ನಡದಲ್ಲಿ ಪಾಠ ಮಾಡಬಲ್ಲ ಇಬ್ಬರು ಬೋಧಕರು ಇದ್ದರೆ ಹಾಸನದ ಒಂದು ಸರ್ಕಾರಿ ಐಟಿಐಯಲ್ಲಿ ಈ ವೃತ್ತಿಯನ್ನು ಆರಂಭಿಸಬಹುದು. ಕನ್ನಡದಲ್ಲಿ ಎಂಬುದನ್ನು ಒತ್ತಿ ಹೇಳುತ್ತೇನೆ. ನಮ್ಮ ಹುಡುಗರು ಯೂಟ್ಯೂಬಿನಲ್ಲಿ ಹಿಂದಿ, ಮಲಯಾಳಂ ವಿಡಿಯೊಗಳನ್ನು ನೋಡಿ ಯಾವ ಗುಂಡಿ ಒತ್ತಬೇಕೆಂದು ಕಲಿಯುತ್ತಾರೆ. ಅಪರ್ಚರನ್ನು, ಅಂದರೆ ಲೆನ್ಸಿನಲ್ಲಿ ಬೆಳಕು ಹಾಯುವ ಕಂಡಿಯನ್ನು, ಕಿರಿದಾಗಿಸಿದರೆ ಹಿನ್ನೆಲೆ ಯಾಕೆ ಸ್ಪಷ್ಟವಾಗುತ್ತದೆ ಎಂದು ಕೇಳಿದರೆ ಉತ್ತರವಿರುವುದಿಲ್ಲ.

ಐಟಿಐ ಆದರೂ ಸಾಲದು, ಅದರ ನಂತರ ಸ್ಟುಡಿಯೊದಲ್ಲಿ ಸಂಬಳ ಸಹಿತ ಅಪ್ರೆಂಟಿಸ್ ಅವಧಿ ಬೇಕು. ಇಲ್ಲಿ ಕಾನೂನಿನ ಒಂದು ತೊಡಕಿದೆ, ಇದನ್ನು ನಮ್ಮ ಶಾಸಕರು ಗಮನಿಸಬೇಕು. 1961ರ ಅಪ್ರೆಂಟಿಸ್ ಕಾಯ್ದೆಯ ಅಡಿ 2019ರಲ್ಲಿ ತಿದ್ದಿದ ನಿಯಮಗಳಂತೆ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನಾಲ್ಕರಿಂದ 29 ಜನ ಇರುವವರು ಇಚ್ಛಿಸಿದರೆ ತೆಗೆದುಕೊಳ್ಳಬಹುದು. ನಾಲ್ಕಕ್ಕಿಂತ ಕಡಿಮೆ ಇರುವವರಿಗೆ ಆ ಅವಕಾಶವೇ ಇಲ್ಲ. ಜಿಲ್ಲೆಯ ಸ್ಟುಡಿಯೊಗಳಲ್ಲಿ ಬಹುಪಾಲು ಒಬ್ಬ ಮಾಲೀಕ, ಒಬ್ಬ ಸಹಾಯಕ ಇರುವಂಥವು. ಕಲಿಸಬಲ್ಲವರು ಅಲ್ಲಿದ್ದಾರೆ, ಆದರೆ ಕೇಂದ್ರ ಸರ್ಕಾರ ಅಪ್ರೆಂಟಿಸ್ ಭತ್ಯೆಯ ಒಂದು ಭಾಗವನ್ನು ಭರಿಸುವ ಯೋಜನೆ ಅವರ ಬಾಗಿಲಿಗೆ ಬರುವುದಿಲ್ಲ. ಇದಕ್ಕೆ ರಾಜ್ಯದ ಕೌಶಲ್ಯಾಭಿವೃದ್ಧಿ ಇಲಾಖೆಯೇ ದಾರಿ ಹುಡುಕಬೇಕು. ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಟೈಲರ್, ಕ್ಷೌರಿಕ, ಹೂ ಕಟ್ಟುವವರು ಸೇರಿ 18 ಕಸುಬುಗಳವರಿಗೆ ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ ಕೊಡುತ್ತಾರೆ. ಸಾಂಪ್ರದಾಯಿಕ ಕಸುಬುಗಳ ಆ ಪಟ್ಟಿಯಲ್ಲಿ ಛಾಯಾಗ್ರಾಹಕರು ಇಲ್ಲದಿರುವುದು ಅರ್ಥವಾಗುವಂಥದ್ದು. ಕಲಿಯುವವನ ದಿನದ ಕೂಲಿ ಕಳೆಯಬಾರದೆಂಬ ಅದರ ತತ್ವವನ್ನಾದರೂ ನಮ್ಮ ಕ್ಷೇತ್ರಕ್ಕೆ ಅನ್ವಯಿಸಬಹುದು.

ಸರ್ಕಾರವನ್ನು ಕೇಳುವ ಮೊದಲು ನಮ್ಮವರನ್ನೂ ಕೇಳಬೇಕಾದ ಮಾತೊಂದಿದೆ. ಹುಡುಗನಿಗೆ ಎಲ್ಲವನ್ನೂ ಕಲಿಸಿದರೆ ನಾಳೆ ಎದುರಿಗೇ ಅಂಗಡಿ ಹಾಕುತ್ತಾನೆ ಎಂಬ ಭಯದಿಂದ ಅರ್ಧ ಕಲಿಸಿ ನಿಲ್ಲಿಸುವ ಸ್ಟುಡಿಯೊಗಳು ಇವೆ. ರಾತ್ರಿ ಎರಡರವರೆಗೆ ಆರತಕ್ಷತೆಯ ಕೆಲಸ ಮಾಡಿಸಿ, ಮತ್ತೆ ಬೆಳಗಿನ ಐದಕ್ಕೆ ಧಾರೆಗೆ ನಿಲ್ಲಿಸಿ, ಸಂಬಳವನ್ನು ಗಿರಾಕಿ ಬಾಕಿ ಕೊಟ್ಟ ಮೇಲೆ ನೋಡೋಣ ಎನ್ನುವವರೂ ಇದ್ದಾರೆ. ಇಂಥ ಕಡೆ ಯಾವ ಯೋಜನೆ ಬಂದರೂ ಕಲಿಯುವವರು ನಿಲ್ಲುವುದಿಲ್ಲ. ತಾಲ್ಲೂಕು ಛಾಯಾಗ್ರಾಹಕರ ಸಂಘಗಳು ಪ್ರತಿ ವರ್ಷ ಆಗಸ್ಟ್ 19ರಂದು ವಿಶ್ವ ಛಾಯಾಗ್ರಹಣ ದಿನಾಚರಣೆ ನಡೆಸಿ ಹಿರಿಯರಿಗೆ ಶಾಲು ಹೊದಿಸುತ್ತವೆ, ಕ್ಯಾಮೆರಾ ಕಂಪನಿಗಳ ಪ್ರತಿನಿಧಿಗಳಿಂದ ಕಾರ್ಯಾಗಾರ ಏರ್ಪಡಿಸುತ್ತವೆ. ಆ ಕಾರ್ಯಾಗಾರಗಳು ಹೆಚ್ಚಾಗಿ ಹೊಸ ಮಾದರಿಯ ಪ್ರದರ್ಶನದಲ್ಲಿ ಮುಗಿಯುತ್ತವೆ. ಸಂಘಗಳು ಅದರ ಬದಲು ಸಹಾಯಕರಿಗೆ ಕನಿಷ್ಠ ದಿನಭತ್ಯೆ, ಕೆಲಸದ ಗಂಟೆಗಳ ಮಿತಿ, ಯಾವ ಹಂತದಲ್ಲಿ ಏನು ಕಲಿಸಬೇಕೆಂಬ ಪಟ್ಟಿ ಇವುಗಳನ್ನು ತಮ್ಮೊಳಗೆ ಗೊತ್ತುಮಾಡಿಕೊಂಡರೆ ಸರ್ಕಾರದ ಎದುರು ಅವರ ಮಾತಿಗೂ ತೂಕ ಬರುತ್ತದೆ. ವರ್ಷಗಟ್ಟಲೆ ದುಡಿದೂ ಒಂದು ಕಾಗದವಿಲ್ಲದ ಅನುಭವಿಗಳಿಗೆ, ಪೂರ್ವ ಕಲಿಕೆಗೆ ಮಾನ್ಯತೆ ನೀಡುವ ಕೇಂದ್ರದ ವ್ಯವಸ್ಥೆಯಡಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡಿಸುವ ಕೆಲಸವನ್ನೂ ಸಂಘಗಳು ಕೈಗೆತ್ತಿಕೊಳ್ಳಬಹುದು. ಮುಂದೆ ಅಪ್ರೆಂಟಿಸ್‌ಗಳಿಗೆ ಗುರುಗಳಾಗಬೇಕಾದವರು ಅವರೇ.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ವಧುವಿನ ಅಲಂಕಾರ, ಸೀಮಂತ, ನಾಮಕರಣ, ಹಸುಗೂಸಿನ ಚಿತ್ರೀಕರಣಗಳಿಗೆ ಮಹಿಳಾ ಛಾಯಾಗ್ರಾಹಕರೇ ಬೇಕೆಂದು ಕೇಳುವ ಕುಟುಂಬಗಳು ಹೆಚ್ಚುತ್ತಿವೆ, ಕಳುಹಿಸಲು ಜನರಿಲ್ಲ. ತರಬೇತಿ ಪಡೆದ ಹುಡುಗಿಯರಲ್ಲಿ ಹಲವರು ಆಲ್ಬಂ ಡಿಸೈನಿಂಗಿಗೆ ಸೀಮಿತವಾಗುತ್ತಾರೆ. ಅದಕ್ಕೆ ಸಾಮರ್ಥ್ಯದ ಕೊರತೆ ಕಾರಣವಲ್ಲ, ರಾತ್ರಿ ಮದುವೆ ಮುಗಿದ ಮೇಲೆ ಊರಿಗೆ ಮರಳುವ ವ್ಯವಸ್ಥೆ ಇಲ್ಲದಿರುವುದು ಕಾರಣ. ಇಬ್ಬರು ಮಹಿಳೆಯರ ಜೋಡಿ ಕೆಲಸ, ವಾಹನದ ಖರ್ಚು ಗಿರಾಕಿಯ ಕರಾರಿನಲ್ಲಿಯೇ ಸೇರಿಸುವುದು, ಮದುವೆ ಛತ್ರದಲ್ಲಿ ಬಟ್ಟೆ ಬದಲಿಸಲು ಮತ್ತು ಉಪಕರಣ ಇಡಲು ಬೀಗವಿರುವ ಒಂದು ಕೋಣೆ, ಇಷ್ಟು ಸಿಕ್ಕರೂ ಈ ಉದ್ಯಮಕ್ಕೆ ಬರುವ ಹುಡುಗಿಯರ ಸಂಖ್ಯೆ ಹೆಚ್ಚುತ್ತದೆ.

ಎಲ್ಲರ ಜೇಬಿನಲ್ಲಿ ಮೊಬೈಲ್ ಇರುವಾಗ, ಚಿತ್ರವನ್ನು ಆಯುವ, ತಿದ್ದುವ ಕೆಲಸವನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶವೇ ಮಾಡುವಾಗ ಇಷ್ಟೆಲ್ಲ ತರಬೇತಿ ಏಕೆ ಎಂದು ಕೇಳುವವರಿದ್ದಾರೆ. ಕಣ್ಣು ಮುಚ್ಚಿದ ಚಿತ್ರಗಳನ್ನು ಆ ತಂತ್ರಾಂಶ ನಿಮಿಷಗಳಲ್ಲಿ ಬೇರ್ಪಡಿಸುತ್ತದೆ ನಿಜ. ಧಾರೆ ಎರೆಯುವಾಗ ಕಣ್ಣು ಮುಚ್ಚಿ ಅಳುತ್ತಿರುವ ತಂದೆಯ ಚಿತ್ರವನ್ನೂ ಅದೇ ಗುಂಪಿಗೆ ಹಾಕಿಬಿಡಬಹುದು. ಯಾವುದನ್ನು ಉಳಿಸಬೇಕೆಂದು ಹೇಳಬಲ್ಲವರ ಕೈಯಲ್ಲಿ ಆ ತಂತ್ರಾಂಶ ಇದ್ದರೆ ಕೆಲಸ ಬೇಗ ಮುಗಿಯುತ್ತದೆ, ಆದ್ದರಿಂದ ಪಠ್ಯದಲ್ಲಿ ಅದೂ ಇರಲಿ.

ಕೊನೆಯದಾಗಿ ವೇಳೆಯ ಬಗ್ಗೆ ಒಂದು ಸೂಚನೆ. ಮುಹೂರ್ತಗಳು ದಟ್ಟವಾಗಿರುವ ತಿಂಗಳಲ್ಲಿ ತರಬೇತಿ ಇಟ್ಟರೆ ಕಲಿಸಬಲ್ಲ ಅನುಭವಿಗಳು ಸಿಗುವುದಿಲ್ಲ, ಸ್ಟುಡಿಯೊ ಸಹಾಯಕರು ರಜೆ ಹಾಕಿ ಬರಲಾಗುವುದಿಲ್ಲ. ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ಜಿಲ್ಲೆಯ ಸ್ಟುಡಿಯೊಗಳು, ಅವುಗಳ ಕ್ಯಾಮೆರಾ, ದೀಪ, ಕಂಪ್ಯೂಟರುಗಳು ಬಹುಪಾಲು ಬಿಡುವಾಗಿರುತ್ತವೆ. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಕೌಶಲ್ಯ ಸಮಿತಿಯು ಮುಂದಿನ ಸಭೆಗೆ ಛಾಯಾಗ್ರಾಹಕರ ಸಂಘಗಳ ಪ್ರತಿನಿಧಿಗಳನ್ನು, ಐಟಿಐ ಪ್ರಾಂಶುಪಾಲರನ್ನು ಮತ್ತು ಆರ್‌ಸೆಟಿಯ ನಿರ್ದೇಶಕರನ್ನು ಒಟ್ಟಿಗೆ ಕರೆಯಲಿ. ಹಾಸನದ ಒಂದು ಐಟಿಐಯಲ್ಲಿ ಒಂದು ವರ್ಷದ ವೃತ್ತಿ ಆರಂಭಿಸಲು ರಾಜ್ಯಕ್ಕೆ ಪ್ರಸ್ತಾವ ಹೋಗಲಿ. ಅದು ಮಂಜೂರಾಗುವವರೆಗೆ, ಆರ್‌ಸೆಟಿಯಲ್ಲಿ ತರಬೇತಿ ಮುಗಿಸಿದವರಿಗೆ ಸಾಲದ ಅರ್ಜಿ ಕೊಡುವ ಮೊದಲು ಒಂದು ಮದುವೆ ಹಂಗಾಮು ಪೂರ್ತಿ ಯಾವುದಾದರೂ ಸ್ಟುಡಿಯೊದಲ್ಲಿ ಭತ್ಯೆ ಸಹಿತ ಕೆಲಸ ಮಾಡುವ ಏರ್ಪಾಡನ್ನು ಬರುವ ಆಷಾಢದ ತಂಡದಿಂದಲೇ ಜಾರಿಗೆ ತರಬಹುದು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಹಾಸನ, ಬೇಲೂರು, ಚನ್ನರಾಯಪಟ್ಟಣ, ಸಕಲೇಶಪುರಗಳಲ್ಲಿ ಕಲಿಸಲು ಒಪ್ಪುವ ಸ್ಟುಡಿಯೊಗಳ ಪಟ್ಟಿ ಬೇಕು. ಆ ಪಟ್ಟಿಯಲ್ಲಿ ನಮ್ಮ ಸ್ಟುಡಿಯೊದ ಹೆಸರನ್ನೂ ಬರೆದುಕೊಳ್ಳಲು ಅಡ್ಡಿಯಿಲ್ಲ.

ಇತಿ ತಮ್ಮ ವಿಶ್ವಾಸಿ,
ಸ್ಟುಡಿಯೊ ಮಾಲೀಕ, ಹಾಸನ